ತಕ್ಕಡಿಗೆ ಮುದ್ರೆ, ಆಶ್ರಮಕ್ಕೆ ನಮಸ್ಕಾರ

ಕಿರಾಣಿ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ದಂಡ. ಯಂತ್ರಕ್ಕೆ ಬೇಲಿ ಇದೆಯೇ ಎಂದು ಗಿರಣಿಯೊಳಗೆ ಹೊಕ್ಕು ನೋಡುವ ಅಧಿಕಾರವನ್ನು 1948ರ ಕಾರ್ಖಾನೆ ಶಾಸನ ಇನ್‌ಸ್ಪೆಕ್ಟರಿಗೆ ಕೊಟ್ಟಿತು. ಆ ಯಂತ್ರದ ಮುಂದೆ ಮೂವತ್ತು ವರ್ಷ ಸವೆದ ಮುದುಕ ಮಲಗಿರುವ ವೃದ್ಧಾಶ್ರಮದ ಬಾಗಿಲು ತಟ್ಟುವವರು ಯಾರು?

2007ರ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಶಾಸನ ನೋಡಿ. ಹೆತ್ತವರನ್ನು ಬೀದಿಗೆ ಬಿಟ್ಟ ಮಗನಿಗೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರಿ, ಇರಲಿ. ಬೆನ್ನಿನ ಹುಣ್ಣಿಗೆ ಮದ್ದು ಹಾಕದ, ರಾತ್ರಿ ಹೊರಗಿನಿಂದ ಚಿಲಕ ಜಡಿಯುವ ಆಶ್ರಮದ ಒಡೆಯನಿಗೆ? ಅಂಥವನನ್ನು ಶಿಕ್ಷಿಸುವ ಕಲಮು ಅದರಲ್ಲಿಲ್ಲ! ಜಿಲ್ಲೆಗೆ ಕನಿಷ್ಠ ಒಂದರಂತೆ 150 ನಿರ್ಗತಿಕರಿಗೆ ಆಶ್ರಮ ಎಂಬಲ್ಲಿಯೂ ಸರ್ಕಾರ ‘ಸ್ಥಾಪಿಸಬಹುದು’ ಎಂದಷ್ಟೇ ಬರೆದುಕೊಂಡಿದೆ. ವ್ಯಾಕರಣ ಕಲಿಸಿದವನಿಗೆ ಈ ಗುಟ್ಟು ತಿಳಿಯುತ್ತದೆ: ಬಡವನಿಗೆ ‘ತಕ್ಕದ್ದು’, ತನಗೆ ‘ಬಹುದು’. ಆಶ್ರಮಗಳ ನೋಂದಣಿಯ ಮಾತಿದ್ದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು. ಆ ಸಭೆಯ ಅವಧಿ ಮುಗಿದರೂ ಪಾಸಾಗಲಿಲ್ಲ.

ಬಂಡವಾಳದ ತವರಾದ ಅಮೆರಿಕದಲ್ಲಿಯೇ 1987ರ ಶಾಸನ, ತಪಾಸಣೆಗೆ ಮುನ್ಸೂಚನೆ ಕೊಡಕೂಡದೆಂದಿತು. ದಿನ ತಿಳಿಸಿದವನಿಗೆ 2000 ಡಾಲರುಗಳವರೆಗೆ ದಂಡ ಬರೆಯಿತು. ನಮ್ಮಲ್ಲಿಯೋ, ಸಾಹೇಬರು ಬರುವ ದಿನ ಹೊಸ ಚಾದರ, ಪಾಯಸ, ಹಾರ. ಮರುದಿನ ಮತ್ತೆ ನೀರುಸಾರು.

ತಪಾಸಣೆ ರಾತ್ರಿ ನಡೆಯಲಿ. ಕಾರ್ಮಿಕ ಸಂಘದವರೊಬ್ಬರು, ವರ್ತಕರೊಬ್ಬರು ಜೊತೆಗಿರಲಿ. ರಾತ್ರಿಪಾಳಿಗೆ ಎಷ್ಟು ದಾದಿಯರು, ಬೆಂಕಿ ಬಿದ್ದರೆ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ, ನೋಡಲಿ. ಮುದುಕರನ್ನು ಒಡೆಯನ ಎದುರಿಗಲ್ಲ, ಒಬ್ಬೊಬ್ಬರನ್ನೇ ಕೇಳಲಿ. ವರದಿಯನ್ನು ಪುರಸಭೆಯ ಹಲಗೆಗೆ ಅಂಟಿಸಲಿ.