ನಮ್ಮ ಬೀದಿಗೆ ಯಾವ ಮರ?

ಕಳೆದ ದಸರಾ ರಜೆಯಲ್ಲಿ ಶಿಮ್ಲಾ ಪ್ರವಾಸ ಮುಗಿಸಿಕೊಂಡು ಬಂದ ನಮ್ಮ ವಿದ್ಯಾರ್ಥಿಯೊಬ್ಬನು ಮೂರು ಬೀಜಗಳನ್ನು ತಂದು ನಮ್ಮ ಮೇಜಿನ ಮೇಲಿಟ್ಟನು. ಕಂದು ಬಣ್ಣದ, ಆಗ ತಾನೆ ಮೆರುಗೆಣ್ಣೆ ಬಳಿದಂತೆ ಹೊಳೆಯುವ ಬೀಜಗಳು. ಅವು ಹಿಮಾಲಯದ ಹಾರ್ಸ್ ಚೆಸ್ಟ್‌ನಟ್ ಮರದವು. ಅಲ್ಲಿಯ ಜನ ಅದನ್ನು ಖನೋರ್ ಎಂದು ಕರೆಯುತ್ತಾರೆ. “ಇವನ್ನು ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮ ಮನೆಯ ಮುಂದೆ ಬೆಳೆಸಬಹುದೇ, ಸಾರ್?” ಎಂದು ಅವನು ಕೇಳಿದನು. ನಾವು ಭೌತಶಾಸ್ತ್ರದ ಅಧ್ಯಾಪಕರೇ ಹೊರತು ಸಸ್ಯಶಾಸ್ತ್ರಜ್ಞರಲ್ಲ. ಆದರೂ ಈ ಪ್ರಶ್ನೆಯ ಬಹುಭಾಗ ನಮ್ಮ ಶಾಸ್ತ್ರದ ಎಲ್ಲೆಯೊಳಗೇ ಬರುತ್ತದೆ.

ಹಾರ್ಸ್ ಚೆಸ್ಟ್‌ನಟ್ ಯೂರೋಪಿನ ಸಾಲುಮರ. ಬಾಲ್ಕನ್ ಬೆಟ್ಟಗಳಲ್ಲಿ ಹುಟ್ಟಿದ ಅದರ ಬೀಜ 1576ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ವಿಯೆನ್ನಕ್ಕೆ ಹೋಯಿತು. ಅಲ್ಲಿಂದ ನಗರನಗರಗಳ ಬೀದಿಗೆ ಹಬ್ಬಿತು. ಖನೋರ್ ಅದರ ಭಾರತೀಯ ಸೋದರಿ. ನಮ್ಮ ಅಂಟುವಾಳವೂ ಇದೇ ಕುಟುಂಬಕ್ಕೆ ಸೇರಿದ್ದು. ನೊರೆಯೇಳಿಸುವ ಸಪೋನಿನ್ ಎಂಬ ವಸ್ತು ಎರಡರಲ್ಲಿಯೂ ಇದೆ. ಆದುದರಿಂದ ಈ ಬೀಜವನ್ನು ಬಾಯಿಗೆ ಹಾಕಿಕೊಳ್ಳಲಾಗದು. ಒಣಗಿದರೆ ಅದು ಸಾಯುತ್ತದೆ. ಮೊಳೆಯಬೇಕಾದರೆ ತೇವವಾದ ಮರಳಿನಲ್ಲಿ, ನೀರು ಹೆಪ್ಪುಗಟ್ಟುವುದಕ್ಕೆ ಸಮೀಪವಾದ ಚಳಿಯಲ್ಲಿ, ಕೆಲವು ತಿಂಗಳು ಮಲಗಿರಬೇಕು. ಬೆಂಗಳೂರಿನ ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತವೆ. ದಾಖಲೆಯಲ್ಲಿರುವ ಅತಿ ಕಡಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರಲ್ಲಿ. ರೆಫ್ರಿಜರೇಟರಿನಲ್ಲಿಟ್ಟು ಬೀಜವನ್ನೇನೋ ಮೋಸಗೊಳಿಸಬಹುದು. ಆದರೆ ಬೆಳೆದ ಮರಕ್ಕೂ ವರ್ಷವರ್ಷ ಚಳಿಗಾಲದ ವಿಶ್ರಾಂತಿ ಬೇಕಲ್ಲ! ಮರವನ್ನು ರೆಫ್ರಿಜರೇಟರಿನಲ್ಲಿಡುವಂತಿಲ್ಲ.

ಇದು ವಿದೇಶೀ ಮರಗಳ ಮೇಲಿನ ದ್ವೇಷದ ಮಾತಲ್ಲ. ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂದಿದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಅವರು, ಒಂದು ಬೀದಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಬೀದಿ ಅರಳುವಂತೆ ಈ ಊರಿನ ಮರಗಳನ್ನು ಯೋಜಿಸಿದರು. ಹೊರನಾಡಿನ ಮರಗಳನ್ನೂ ಧಾರಾಳವಾಗಿ ಬಳಸಿದರು. ಆದರೆ ಅವು ಇಲ್ಲಿಯ ಹವೆಗೆ ಒಗ್ಗುವಂಥವು.

ಹಾಗಾದರೆ ನಮ್ಮ ಬೀದಿಗೆ ಯಾವುದು? ಹೊಂಗೆ ಎಂಬುದೇ ನಮ್ಮ ಉತ್ತರ. ಅದರ ಬೀಜವೂ ತಿನ್ನಲು ಬಾರದು. ಆದರೆ ಅದರ ಎಣ್ಣೆ ನಮ್ಮ ಹಿರಿಯರ ಹಣತೆಯನ್ನು ಉರಿಸಿತು, ಹಿಂಡಿ ಹೊಲಕ್ಕೆ ಗೊಬ್ಬರವಾಯಿತು. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಬೇಸಗೆಯ ಮೊದಲಿಗೆ ಎಲೆ ಉದುರಿಸಿ, ಬಿಸಿಲು ಬಲಿಯುವ ವೇಳೆಗೆ ಹೊಸ ಚಿಗುರನ್ನು ಹೊದ್ದುಕೊಳ್ಳುವುದು ಅದರ ದೊಡ್ಡ ಗುಣ. (ಎಲೆಯ ಮೇಲಿನ ಗಂಟುಗಳನ್ನು ಕಂಡು ಹೆದರಬೇಕಾಗಿಲ್ಲ. ಅವು ಕಣ್ಣಿಗೆ ಕಾಣದ ನುಸಿಗಳ ಕೆಲಸ; ಮರ ಅವನ್ನು ಲೆಕ್ಕಿಸುವುದಿಲ್ಲ.) ಬಲಿತ ಕಾಯಿಯಿಂದ ತೆಗೆದ ಹೊಸ ಬೀಜವನ್ನು ಬಿತ್ತಿದರೆ ಎರಡು ವಾರಗಳ ಸುಮಾರಿಗೆ ಮೊಳಕೆ ಕಾಣುತ್ತದೆ. ಒಂದು ವರ್ಷ ಸಾಕಿ, ಮರುವರ್ಷದ ಮಳೆಗಾಲದಲ್ಲಿ ಎರಡಡಿ ಆಳ, ಎರಡಡಿ ಅಗಲದ ಗುಂಡಿಯಲ್ಲಿ ನೆಡಬೇಕು. ಮೊದಲೆರಡು ಬೇಸಗೆಗಳಲ್ಲಿ ದಿನವೂ ಒಂದು ಚೊಂಬು ಚಿಮುಕಿಸುವುದಕ್ಕಿಂತ, ವಾರಕ್ಕೊಮ್ಮೆಯೋ ಎರಡು ಬಾರಿಯೋ ಆಳಕ್ಕೆ ಇಳಿಯುವಂತೆ ಬಿಂದಿಗೆಗಟ್ಟಲೆ ನೀರೆರೆಯುವುದು ಮೇಲು; ಬೇರು ನೀರನ್ನು ಅರಸಿ ಕೆಳಗಿಳಿಯುತ್ತದೆ.

ಇಷ್ಟನ್ನು ಮಾಡುವವರು ಅನೇಕರಿದ್ದಾರೆ. ಸಸಿ ನೆಡುವ ಉತ್ಸವಗಳಿಗೂ ಕೊರತೆಯಿಲ್ಲ. ಮರ ಸಾಯುವುದು ಆಮೇಲೆ. ನಮ್ಮ ಮನೆಯೆದುರಿನ ಹೊಂಗೆಯ ಕಥೆಯನ್ನೇ ಕೇಳಿರಿ. ಕಾಲುದಾರಿಯನ್ನು ಹೊಸದಾಗಿ ಹಾಕುವಾಗ ಕಾಂಡಕ್ಕೆ ತಾಗುವವರೆಗೆ ಕಾಂಕ್ರೀಟು ಸುರಿದರು. ನೋಡಲು ಬಹಳ ಚೊಕ್ಕಟವಾಗಿತ್ತು. ನಾವೂ ಸುಮ್ಮನಿದ್ದೆವು ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಮರುವರ್ಷ ಎಲೆ ಸಣ್ಣದಾಯಿತು, ಅದರ ಮರುವರ್ಷ ತುದಿಗೊಂಬೆಗಳು ಒಣಗಿದವು, ಮೂರನೆಯ ಮೇ ತಿಂಗಳ ಬಿರುಗಾಳಿಗೆ ಮರ ತಂತಿಯ ಮೇಲೆ ವಾಲಿತು. ಕಡಿಯಲು ಬಂದವರು “ಮುದಿ ಮರ” ಎಂದರು. ಅದಕ್ಕೆ ಇಪ್ಪತ್ತೈದು ವರ್ಷವೂ ಆಗಿರಲಿಲ್ಲ.

ಕಾರಣ ಸರಳವಾಗಿದೆ. ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿದ್ದರೆ ಆಮ್ಲಜನಕ ವಿಸರಣೆಯಿಂದ ಒಳಗಿಳಿಯುತ್ತದೆ. ಸಂದುಗಳಲ್ಲಿ ನೀರು ತುಂಬಿದರೆ ಆ ವಿಸರಣೆ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗುತ್ತದೆ. ಕಾಂಕ್ರೀಟು ಹೊದಿಸಿದರೆ ಗಾಳಿಗೂ ದಾರಿಯಿಲ್ಲ, ಮಳೆನೀರಿಗೂ ದಾರಿಯಿಲ್ಲ. ಶಾವಿಗೆ ಮಲ್ಲೇಶ್ವರ ಬೆಟ್ಟದ ಇಳಿಜಾರಿನ ನಮ್ಮ ಬಡಾವಣೆಯಲ್ಲಿ ಸುರಿದ ಮಳೆ ಕ್ಷಣಮಾತ್ರದಲ್ಲಿ ಚರಂಡಿ ಸೇರುತ್ತದೆ. ಮರದ ಬುಡ ಒಣಗಿಯೇ ಇರುತ್ತದೆ.

ನಷ್ಟ ನೆರಳೊಂದೇ ಅಲ್ಲ. ಎಲೆಯಿಂದ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಗುಪ್ತೋಷ್ಣ ಬೇಕು. ಮರವೊಂದು ದಿನಕ್ಕೆ 50 ಲೀಟರ್ ಆವಿ ಬಿಡುವುದೆಂದು ಇಟ್ಟುಕೊಳ್ಳೋಣ. ಅದು ಬೀದಿಯಿಂದ ಹೀರುವ ಶಾಖ, ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 33 ಯೂನಿಟ್! ಯಾವ ಬಿಲ್ಲೂ ಬಾರದೆ ನಡೆಯುವ ಈ ಕೆಲಸಕ್ಕೆ ಮರ ಕೇಳುವುದು ತೇವವಾದ, ತೆರೆದ ಮಣ್ಣು.

ವಾಹನ ನಿಲ್ಲಿಸಲು ಸ್ಥಳವಿಲ್ಲ, ಎಲೆ ಗುಡಿಸಿ ಸಾಕಾಗಿದೆ ಎನ್ನುವವರ ಕಷ್ಟವನ್ನು ನಾವು ಬಲ್ಲೆವು. ಆ ಎಲೆಯನ್ನು ಸುಡದೆ ಬುಡಕ್ಕೆ ಹರಡಿದರೆ ಅರ್ಧ ಕಷ್ಟ ನೀಗುತ್ತದೆ. ಉಳಿದುದಕ್ಕೆ ಕಟ್ಟುನಿಟ್ಟು ಬೇಕು. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತು. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಿದೆ. ಮರ ಕಡಿಯಲು ಅನುಮತಿ ಪಡೆಯಬೇಕು. ಉಸಿರುಗಟ್ಟಿಸಿ ಕೊಲ್ಲುವವನು ಮಾತ್ರ ಯಾರನ್ನೂ ಕೇಳುತ್ತಿಲ್ಲ. ಪ್ರತಿ ಮರಕ್ಕೂ ಒಂದು ಚದರ ಮೀಟರ್ ಬರಿಮಣ್ಣನ್ನು ಬಿಡದ ಕಾಲುದಾರಿಯ ಕೆಲಸವನ್ನು ಪೂರ್ಣಗೊಂಡ ಕೆಲಸವೆಂದು ಒಪ್ಪಲೇಬಾರದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಆ ಮೂರು ಬೀಜಗಳಲ್ಲಿ ಒಂದನ್ನು ಕೊಯ್ದು ತರಗತಿಯಲ್ಲಿ ತೋರಿಸಿದೆವು. ಇನ್ನೆರಡು ನಮ್ಮ ಮೇಜಿನ ಮೇಲೆಯೇ ಒಣಗಿ ಸುಕ್ಕಾಗಿವೆ. ಅವುಗಳನ್ನು ತಂದ ಹುಡುಗನು, ಮನೆಯ ಮುಂದಿನ ಸಿಮೆಂಟನ್ನು ಮೂರಡಿ ಅಗಲ ಒಡೆಯಲು ತನ್ನ ತಂದೆಯವರನ್ನು ಒಪ್ಪಿಸಿದ್ದಾನೆ. ಹೊಂಗೆಯ ಕಾಯಿ ಬಲಿಯುವುದನ್ನು ಕಾಯುತ್ತಿದ್ದಾನೆ.