ಮಳೆಗೆ ಹೆದರಿ ಬಯಲುಸೀಮೆಗೆ ಹೋಗ್ಬೇಕಾ?

ದೀಪಾವಳಿ ಕಳೆದ ಮೇಲೆ ಭಾವನ ಜೊತೆ ಹೊಸದುರ್ಗದ ಕಡೆ ಜಮೀನು ನೋಡೋಕೆ ಹೋಗಿದ್ದೆ. ಭಾವನದ್ದು ಹೊಸನಗರ ತಾಲ್ಲೂಕಲ್ಲಿ ಮೂರು ಎಕರೆ ತೋಟ. ಎಲೆಚುಕ್ಕಿ ಬಂದು ಮೂರು ವರ್ಷ ಆಯ್ತು. ಮರದಲ್ಲಿ ಹತ್ತು ಹೆಡೆ ಇದ್ದದ್ದು ಈಗ ನಾಲ್ಕೈದಕ್ಕೆ ಬಂದಿದೆ, ಸಿಂಗಾರ ಬಿಡೋದೂ ಕಡಿಮೆ. ಈ ಮೂರು ಎಕರೆ ಮಾರಿ ಅಲ್ಲಿ ಎಂಟು ಎಕರೆ ತಗೊಂಡು ಅಡಿಕೆ ಹಾಕೋದು ಅಂತ ಅವನ ಲೆಕ್ಕ. "ಎತ್ತರದ ಜಾಗ, ಒಣ ಹವೆ, ಕೊಳೆನೂ ಇಲ್ಲ ಚುಕ್ಕಿನೂ ಇಲ್ಲ" ಅಂತ ತೋರಿಸೋಕೆ ಬಂದ ದಲ್ಲಾಳಿ ದಾರಿಯುದ್ದಕ್ಕೂ ಹೇಳ್ತಾ ಇದ್ದ.

ತೀರ್ಥಹಳ್ಳಿ, ಸಾಗರ, ಹೊಸನಗರ ಮೂರೂ ಕಡೆ ಈಗ ಇದೇ ಮಾತು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಹೊಳಲ್ಕೆರೆ, ಶಿರಾ, ಹಿರಿಯೂರು ಅಂತ ಎಕರೆ ರೇಟು ಹೇಳ್ತಾರೆ. ಹಾಗಾಗಿ ಒಣ ಸೀಮೆ ಬಗ್ಗೆ ನನಗೆ ಅನಿಸಿದ್ದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ. ಒಳ್ಳೇದನ್ನೂ ಬರೀತೀನಿ, ಕೆಟ್ಟದ್ದನ್ನೂ ಬರೀತೀನಿ.

ಮೊದಲು ಎತ್ತರದ ವಿಷಯ. ನಾವು ಮಲೆನಾಡಿನವರು ನಾವೇ ಎತ್ತರದಲ್ಲಿರೋದು ಅಂದ್ಕೊಂಡಿದ್ದೇವೆ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ 1819 ಅಡಿ ಅಂತ ಸಾಗರದ ಮಕ್ಕಳಿಗೂ ಗೊತ್ತು. ಅದು ಸಮುದ್ರ ಮಟ್ಟದಿಂದ ಲೆಕ್ಕ. ಆಗುಂಬೆ ಸುಮಾರು 2100 ಅಡಿ. ಚಿತ್ರದುರ್ಗ ಪೇಟೆ ಹತ್ತಿರ ಹತ್ತಿರ 2400 ಅಡಿ! ಅಂದ್ರೆ ನಮಗಿಂತ ಅವರೇ ಮೇಲಿದ್ದಾರೆ. ಕೊಡಚಾದ್ರಿಯಂಥ ಗುಡ್ಡ ಬಿಟ್ಟು ಹೇಳ್ತಿದೀನಿ, ಊರು ಮತ್ತು ತೋಟದ ಲೆಕ್ಕ. ಹಾಗಾಗಿ ಮಳೆ ಬರೋದು ಬರೀ ಎತ್ತರಕ್ಕಲ್ಲ. ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರ್ತದೆ, ತಣ್ಣಗಾಗಿ ಹೊತ್ತ ನೀರನ್ನೆಲ್ಲ ಹುಲಿಕಲ್ಲು, ಆಗುಂಬೆ ಮೇಲೆ ಸುರೀತದೆ. ಘಟ್ಟ ದಾಟಿ ಪೂರ್ವಕ್ಕೆ ಹೋಗುವಾಗ ಅದು ಒಣಗಿದ ಗಾಳಿ. ಹುಲಿಕಲ್ಲಲ್ಲಿ ಕೆಲವು ವರ್ಷ 8000 ಮಿಲಿಮೀಟರ್ ದಾಟ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷಕ್ಕೆ ಐದಾರುನೂರು. ಒಂದೇ ಗಾಳಿ, ನಾಲ್ಕು ತಾಸಿನ ಬಸ್ ದಾರಿ, ಇಷ್ಟು ವ್ಯತ್ಯಾಸ.

ಈಗ ಅಲ್ಲಿನ ಒಳ್ಳೇದು. ಇದನ್ನ ಹೊಟ್ಟೆಕಿಚ್ಚಿಲ್ಲದೆ ಹೇಳ್ಬೇಕು.

ನಾವು ಹೋದ ದಿನ ನಮ್ಮ ಮನೆ ಅಂಗಳದಲ್ಲಿ ಬೇಯಿಸಿದ ಅಡಿಕೆ ತಾಡಪಾಲಿನ ಕೆಳಗಿತ್ತು. ಎಲ್ಲೋ ವಾಯುಭಾರ ಕುಸಿತ, ಇಲ್ಲಿ ಮೂರು ದಿನದಿಂದ ಮೋಡ. ಹೊರಡುವಾಗ ಮುಟ್ಟಿ ನೋಡಿದ್ರೆ ಬೆರಳಿಗೆ ಅಂಟ್ತಿತ್ತು, ಬೂಷ್ಟಿನ ವಾಸನೆ ಶುರುವಾಗಿತ್ತು. ಅಲ್ಲಿ ಹೋಗಿ ನೋಡಿದ್ರೆ ರಸ್ತೆ ಪಕ್ಕದ ಕಣದಲ್ಲಿ ರಾಶಿ ಅಡಿಕೆ ಹರವಿದ್ದಾರೆ, ಮೇಲೆ ನೀಲಿ ಆಕಾಶ, ಬಾಯಿಗೆ ಹಾಕಿದ್ರೆ ಕಟ್ ಅನ್ನೋ ಹಾಗೆ ಒಣಗಿದೆ. ಭಾವ ಒಂದು ಹಿಡಿ ತಗೊಂಡು ಸುಮ್ಮನೆ ನಿಂತ. ಅವನ ಮನಸ್ಸಲ್ಲಿ ಏನು ಓಡ್ತಿತ್ತು ಅಂತ ನನಗೆ ಗೊತ್ತು. ಡ್ರೈಯರ್‌ಗೆ ಸೌದೆ, ರಾತ್ರಿ ನಿದ್ದೆಗೆಟ್ಟು ತಾಡಪಾಲು ಎಳೆಯೋದು ಇದೆಲ್ಲ ಅವರಿಗಿಲ್ಲ.

ಕೊಳೆಯೂ ಹಾಗೇ. ನಾವು ಜೂನ್‌ನಿಂದ ಆಗಸ್ಟ್‌ವರೆಗೆ ಮೈಲುತುತ್ತ, ಸುಣ್ಣ ಕಲೆಸಿ ಎರಡು ಸಲ, ಮಳೆ ಬಿಡದಿದ್ರೆ ಮೂರು ಸಲ ಹೊಡೀಬೇಕು. ಕೊನೆಗೌಡರು ಸಿಕ್ಕ ದಿನ ಮಳೆ ಬಿಡಲ್ಲ, ಮಳೆ ಬಿಟ್ಟ ದಿನ ಅವರು ಸಿಗಲ್ಲ. ಜಾರುವ ಮರ ಹತ್ತಿ ಬಿದ್ದವರು ಯಾವ ಊರಲ್ಲಿಲ್ಲ ಹೇಳಿ. ಒಣ ಹವೆಯಲ್ಲಿ ಕೊಳೆ, ಎಲೆಚುಕ್ಕಿ ಎರಡೂ ಹಬ್ಬೋದು ಕಡಿಮೆ, ಅದು ನಿಜ.

ಮೈಗೂ ಒಣ ಹವೆ ಕೆಲವರಿಗೆ ಒಳ್ಳೇದು. ನಮ್ಮ ಅಮ್ಮನಿಗೆ ಉಬ್ಬಸ. ಆರಿದ್ರೆ, ಪುನರ್ವಸು ಮಳೆಯಲ್ಲಿ ಗೋಡೆ ಬೆವರುವಾಗ ಅವಳ ಉಸಿರು ಪಕ್ಕದ ಕೋಣೆಗೆ ಕೇಳ್ತದೆ. ಅಕ್ಕನ ಮಗಳ ಮನೆ ದಾವಣಗೆರೆ. ಅಲ್ಲಿ ಎರಡು ತಿಂಗಳು ಇದ್ದಾಗ ಒಂದು ಸಲವೂ ಪಂಪ್ ತಗೊಳ್ಳಲಿಲ್ಲ. ಬಟ್ಟೆ ಒಣಗ್ತದೆ, ಹಪ್ಪಳ ಒಣಗ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯಲ್ಲ. ಉಂಬಳ ಇಲ್ಲ. ಮಂಗನ ಕಾಯಿಲೆ ಹೆದರಿಕೆ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ಕಾಯಿಲೆ ಇವತ್ತಿಗೂ ನಮ್ಮನ್ನ ಬಿಟ್ಟಿಲ್ಲ. 2018ರ ಕೊನೆಗೆ ಶುರುವಾಗಿ ಅರಳಗೋಡಲ್ಲಿ ಎಷ್ಟು ಮನೆಗೆ ಕತ್ತಲೆ ಕವಿಯಿತು ಅಂತ ಸಾಗರದವರಿಗೆ ಬೇರೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ದರಕು ಗುಡಿಸೋಕೆ ಸೊಪ್ಪಿನಬೆಟ್ಟಕ್ಕೆ ಹೋಗುವಾಗ ಕಾಲಿಗೆ ಎಣ್ಣೆ ಹಚ್ಕೊಂಡು ಹೋಗುವ ಬದುಕು ನಮ್ಮದು.

ಇಷ್ಟು ಬರೆದ ಮೇಲೆ ಭಾವ ಓದಿದ್ರೆ "ಮತ್ತೇನು, ನಡಿ ಹೋಗೋಣ" ಅಂತಾನೆ. ಸ್ವಲ್ಪ ತಡಿ ಭಾವ.

ದಲ್ಲಾಳಿ ತೋರಿಸಿದ ಎಂಟು ಎಕರೆಯಲ್ಲಿ ಮೂರು ಬೋರ್ ಇದ್ದವು. ನೀರಿದ್ದದ್ದು ಒಂದರಲ್ಲಿ, 850 ಅಡಿ. ಪಕ್ಕದ ಹೊಲದವರು ಶೇಂಗಾ ಕಿತ್ತು ಒಟ್ಟಿದ್ದರು, ದಲ್ಲಾಳಿ ಫೋನಲ್ಲಿ ಮಾತಾಡುವಾಗ ನಾನು ಅವರ ಹತ್ತಿರ ಹೋಗಿ ಕೂತೆ. ಅವರದ್ದೂ ಎರಡು ಎಕರೆ ಅಡಿಕೆ ಇತ್ತಂತೆ. 2024ರ ಬೇಸಿಗೆಯಲ್ಲಿ ಬೋರ್ ನಿಂತಿತು. ಟ್ಯಾಂಕರ್ ನೀರು ಹೊಡೆಸಿದರು, ಮಾರ್ಚಿ ಪೂರ್ತಿ, ಏಪ್ರಿಲ್ ಅರ್ಧ. ಆಮೇಲೆ ದುಡ್ಡು ಮುಗೀತು. "ಮರ ಒಂದೇ ದಿನಕ್ಕೆ ಸಾಯಲ್ಲ ಸ್ವಾಮಿ, ದಿನಾ ಒಂದೊಂದು ಹೆಡೆ ಬಗ್ಗುತ್ತೆ, ಅದನ್ನ ನೋಡ್ಕೊಂಡು ಇರಬೇಕು" ಅಂದರು. ಬುಡ ಇನ್ನೂ ಅಲ್ಲೇ ಇದ್ದವು. ಆ ಕಡೆ ಹೋದಾಗಲೆಲ್ಲ ಕಣ್ಣಿಗೆ ಬೀಳಲಿ ಅಂತ ಕೀಳಿಸಿಲ್ಲವಂತೆ.

ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. ಒಂಬತ್ತು ಅಡಿಗೆ ಒಂದು ಮರ ಅಂದ್ರೆ ಎಕರೆಗೆ ಸುಮಾರು 540 ಮರ. ಡ್ರಿಪ್ಪಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್ ಅಂದ್ರೂ ಎಕರೆಗೆ ಹತ್ತಿರ ಹತ್ತಿರ 10,000 ಲೀಟರ್. ನಮ್ಮಲ್ಲಿ ನಾಲ್ಕು ತಿಂಗಳು ನೀರು ಕೊಟ್ಟರೆ ಮಳೆ ಬರ್ತದೆ. ಅಲ್ಲಿ ಎಂಟು ತಿಂಗಳು ಕೊಡಬೇಕು. 240 ದಿನಕ್ಕೆ 24 ಲಕ್ಷ ಲೀಟರ್. ಈಗ ಮಳೆ ಲೆಕ್ಕ. 600 ಮಿಲಿಮೀಟರ್ ಮಳೆ ಒಂದು ಎಕರೆ ಮೇಲೆ ಬಿದ್ದರೆ ಅದೂ ಸುಮಾರು 24 ಲಕ್ಷ ಲೀಟರ್. ಅಂದ್ರೆ ಆ ನೆಲದ ಮೇಲೆ ವರ್ಷವಿಡೀ ಬಿದ್ದ ಮಳೆ ಒಂದು ಹನಿ ಹರಿಯದೆ, ಆರದೆ, ಅಷ್ಟೂ ಇಂಗಿದ್ರೆ ಮಾತ್ರ ಅಡಿಕೆಗೆ ಸರಿಹೋಗ್ತದೆ. ಹಾಗೆ ಎಲ್ಲಾದ್ರೂ ಆಗ್ತದಾ? ಇಂಗೋದು ಅದರಲ್ಲಿ ಸಣ್ಣ ಪಾಲು. ಉಳಿದ ನೀರನ್ನ ಪಕ್ಕದವರ ನೆಲದಡಿಯಿಂದ, ಹಿಂದಿನ ಕಾಲದ ಮಳೆಯಿಂದ ಎಳೀಬೇಕು. ಸುತ್ತ ಎಲ್ಲರೂ ಅಡಿಕೆಯನ್ನೇ ಹಾಕಿದಾಗ ಪಕ್ಕದವರ ನೆಲದಲ್ಲಿ ತಾನೇ ಏನಿರ್ತದೆ?

"ಭದ್ರಾ ಮೇಲ್ದಂಡೆ ನೀರು ಬರ್ತದಲ್ಲ" ಅಂತ ದಲ್ಲಾಳಿ ಹೇಳಿದ್ದ. ಆ ಯೋಜನೆ ಒಟ್ಟು 29.9 ಟಿಎಂಸಿ, ಅದರಲ್ಲಿ 17.4 ನಮ್ಮ ತೀರ್ಥಹಳ್ಳಿ ಮೇಲೆ ಹರಿದು ಹೋಗುವ ತುಂಗೆಯಿಂದ ಎತ್ತಿ ಭದ್ರೆಗೆ ಹಾಕೋದು. ನೀರುಣಿಸಬೇಕಾದದ್ದು 2.25 ಲಕ್ಷ ಹೆಕ್ಟೇರ್. ಭಾಗಿಸಿ ನೋಡಿದ್ರೆ ಎಕರೆಗೆ ಸುಮಾರು 15 ಲಕ್ಷ ಲೀಟರ್. ಕೆರೆ ತುಂಬಿಸೋದೂ ಅದರಲ್ಲೇ ಆಗಬೇಕು, ದಾರಿಯಲ್ಲಿ ಸೋರೋದೂ ಅದರಲ್ಲೇ ಹೋಗಬೇಕು. ರಾಗಿಗೆ, ಶೇಂಗಾಕ್ಕೆ, ಜೋಳಕ್ಕೆ, ದಾಳಿಂಬೆಗೆ ಇದು ಬಂಗಾರದಂಥ ನೀರು. ಅಡಿಕೆಗೆ ಸಾಲಲ್ಲ. ನಮ್ಮ ಹೊಳೆಯ ನೀರನ್ನ ಎತ್ತಿ ಕಳಿಸಿ, ಅದರ ಹಿಂದೆ ನಾವೂ ಗಂಟುಮೂಟೆ ಕಟ್ಕೊಂಡು ಹೋಗಿ, ಅಲ್ಲಿ ಮಲೆನಾಡಿನ ಮರ ನೆಡೋದು ಅಂದ್ರೆ ಯಾವ ಬುದ್ಧಿವಂತಿಕೆ?

ಒಣ ಸೀಮೆಯಲ್ಲಿ ಒಳ್ಳೆ ವರ್ಷ ನೋಡಿ ಜಮೀನು ತಗೊಳ್ಳೋದು ದೊಡ್ಡ ಮೋಸ. ಹಿರಿಯೂರಿನ ವಾಣಿವಿಲಾಸ ಸಾಗರ, ಮಾರಿಕಣಿವೆ ಅಂತಾರಲ್ಲ, ಅದು 1933ರಲ್ಲಿ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಮಧ್ಯೆ 2016ರ ಆಚೀಚೆ ಆ ಕಡೆಯ ತೆಂಗು ಅಡಿಕೆ ತೋಟ ಒಣಗಿ ನಿಂತದ್ದು ನಾವೆಲ್ಲ ನೋಡಿದ್ದೇವೆ. 2022ರ ನಂತರ ಹೋದವರು ತುಂಬಿದ ಅಣೆಕಟ್ಟು ನೋಡಿ ಅಡ್ವಾನ್ಸ್ ಕೊಟ್ಟರು. ಆ ಊರಿನ ಹವೆ ಎಂಥದ್ದು ಅಂತ ತಿಳಿಯೋಕೆ ಮಧ್ಯದ 88 ವರ್ಷ ನೋಡಬೇಕು.

ಅಲ್ಲಿನ ಬದುಕಿಗೆ ಬೇರೆ ಕಷ್ಟಗಳೂ ಇವೆ. ಪಡುವಣ ಬಿಸಿಲಿಗೆ ಕಾಂಡ ಸುಟ್ಟು ಸೀಳ್ತದೆ, ಬೇಸಿಗೆಯಲ್ಲಿ ನುಸಿ ಬರ್ತದೆ. ಆಳದ ಬೋರಿನ ನೀರಲ್ಲಿ ಎಷ್ಟೋ ಕಡೆ ಫ್ಲೋರೈಡ್. ಹಲ್ಲು ಕಂದಾಗೋದು, ಗಂಟು ಹಿಡಿಯೋದು ಅದರಿಂದಲೇ, ಕುಡಿಯೋಕೆ ದುಡ್ಡು ಕೊಟ್ಟು ಶುದ್ಧ ನೀರು ತರಬೇಕು. ಮೋಡ ಇಲ್ಲದ ಎತ್ತರದ ಜಾಗ ಹಗಲು ಕಾಯ್ತದೆ, ಚಳಿಗಾಲದಲ್ಲಿ ರಾತ್ರಿ ಥಂಡಿ ಹೊಡೀತದೆ. ತುಟಿ, ಹಿಮ್ಮಡಿ ಒಡೆಯೋದು ಬಿಡಿ, ಅದಕ್ಕೆ ಎಣ್ಣೆ ಇದೆ.

ಹಾಗಂತ ಒಣ ಸೀಮೆಯಲ್ಲಿ ಬದುಕಲಿಕ್ಕಾಗಲ್ಲ ಅಂತ ನಾನು ಹೇಳ್ತಿಲ್ಲ. ಬದುಕಿದವರಿದ್ದಾರೆ, ನಮಗಿಂತ ಚೆನ್ನಾಗಿ ಬದುಕಿದವರಿದ್ದಾರೆ. ಚಿತ್ರದುರ್ಗದ ಕೋಟೆ ಹತ್ತಿದವರು ನೋಡಿರ್ತೀರಿ. ಬರೀ ಬಂಡೆಯ ಗುಡ್ಡ. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ. ಹೀಗೆ ಬಿದ್ದ ಮಳೆಯನ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಹಿಡಿದು ಒಂದು ರಾಜಧಾನಿಯನ್ನೇ ಸಾಕಿದರು. ರಾಗಿ, ನವಣೆ, ಹುರುಳಿ ಎಲ್ಲ ಆ ಮಳೆಯ ಅಳತೆಗೆ ಹೊಲಿಸಿದ ಅಂಗಿಯ ಹಾಗೆ. ಅವರಿಗೆ ಕಷ್ಟ ಬಂದದ್ದು ಒಣ ಹವೆಯಿಂದಲ್ಲ, ನಮ್ಮ ಅಡಿಕೆಯ ರೇಟು ನೋಡಿ ನಮ್ಮ ಬೆಳೆಯನ್ನ ಅಲ್ಲಿಗೆ ತಂದದ್ದರಿಂದ ಅಂತ ನನ್ನ ಅಭಿಪ್ರಾಯ.

ಹಾಗೆ ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳ್ಬೇಕು. 3000 ಮಿಲಿಮೀಟರ್ ಮಳೆ ಅಂದ್ರೆ ಎಕರೆಗೆ 1 ಕೋಟಿ 20 ಲಕ್ಷ ಲೀಟರ್. ಇಷ್ಟು ಬಿದ್ದೂ ಏಪ್ರಿಲ್‌ನಲ್ಲಿ ನಮ್ಮೂರಿನ ಬಾವಿಯಲ್ಲಿ ಕೊಡ ತಳಕ್ಕೆ ತಾಗ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರ ಘೋಷಿಸಿದಾಗ ಮಲೆನಾಡೂ ಉಳೀಲಿಲ್ಲ. ಮಳೆಗಾಲ ಪೂರ್ತಿ ನೀರು ನಿಲ್ಲಿಸ್ಕೊಂಡಿರ್ತಿದ್ದ ಗದ್ದೆಗೆ ಕಪ್ಪು ಹೊಡೆದು ಅಡಿಕೆ ನೆಟ್ಟೆವು. ಸೊಪ್ಪಿನಬೆಟ್ಟ ಬೋಳು ಮಾಡಿ ಅಲ್ಲೂ ನೆಟ್ಟೆವು, ಅದಕ್ಕೆ ಬೋರ್ ಹೊಡೆದೆವು. ನಾನೂ ಅರ್ಧ ಎಕರೆ ಗದ್ದೆ ತೋಟ ಮಾಡಿದವನೇ. ಅದರ ಕೆಳಗಿನ ಬಾವಿ ಈಗ ಮಾರ್ಚಿಗೇ ಬತ್ತುತ್ತದೆ. ಬಯಲುಸೀಮೆಯನ್ನ ನಾವು ಹುಡುಕ್ಕೊಂಡು ಹೋಗೋದೇ ಬೇಡ, ಹೀಗೇ ಮಾಡ್ತಿದ್ರೆ ಅದೇ ಇಲ್ಲಿಗೆ ಬರ್ತದೆ.

ರೋಗಕ್ಕೆ ಹೆದರಿ ಊರು ಬಿಡುವ ಮಾತು ಹೊಸದೇನಲ್ಲ ಅನ್ಸುತ್ತೆ. ನೂರು ವರ್ಷದ ಹಿಂದೆ ಕೊಳೆ ಬಂದಾಗ ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟೋದು ಬಿಟ್ಟು ಬೇರೆ ದಾರಿ ಇರಲಿಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅದರ ಮೇಲೆ ಕೂತು ಕೆಲಸ ಮಾಡಿದರು, ಬೋರ್ಡೋ ಬಂತು. ಇಂಗ್ಲಿಷ್ ಪುಸ್ತಕದಲ್ಲೂ ಆ ರೋಗಕ್ಕೆ ನಮ್ಮ 'ಕೊಳೆರೋಗ' ಅನ್ನೋ ಹೆಸರೇ ಉಳೀತು. ಎಲೆಚುಕ್ಕಿಗೂ ಅಷ್ಟೇ ಗಟ್ಟಿಯಾಗಿ ಯಾರಾದ್ರೂ ಕೂರಬೇಕು, ನಾವು ಕೂರಿಸಬೇಕು. ಎಲ್ಲರೂ ಮಾರಿ ಹೋದರೆ ಕೇಳೋಕೆ ಯಾರಿರ್ತಾರೆ?

ಭಾವನಿಗೆ ನಾನು ಹೇಳಿದ್ದು ಇಷ್ಟು. ಹೋಗ್ಲೇಬೇಕು ಅಂದ್ರೆ ಹೋಗು. ಆದ್ರೆ ಇಲ್ಲಿನ ಮನೆ, ತೋಟ ಮಾರಿ ಬೇಡ. ಎಂಟು ಎಕರೆಯೂ ಬೇಡ, ಎರಡು ತಗೋ. ಅಲ್ಲಿ ರಾಗಿ, ಶೇಂಗಾ ಬೆಳಿ, ಅಂಚಿಗೆ ಹುಣಸೆ, ಮಾವು ಹಾಕು. ಮೂರು ಬೇಸಿಗೆ ಅಲ್ಲಿ ಇದ್ದು ನೋಡು. ಆಮೇಲೂ ಅಡಿಕೆ ನೆಡಬೇಕು ಅನಿಸಿದ್ರೆ ನಾನು ಮಾತಾಡಲ್ಲ. ಇಲ್ಲಿನ ರೋಗದ ಹೆಡೆಯನ್ನ ಕಡಿದು ಸುಟ್ಟು, ಬಸಿಗಾಲುವೆ ಬಿಡಿಸಿ, ಮಧ್ಯೆ ಕಾಳುಮೆಣಸು, ಕಾಫಿ, ಬಾಳೆ ನೋಡ್ಕೊಂಡು ಸ್ವಲ್ಪ ದಿನ ತಡೆದುಕೊ.

ಅವನು ಕೇಳಿದ ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. "ತಡೆದುಕೊ ಅಂತೀಯ, ಸೊಸೈಟಿ ಸಾಲದ ಕಂತು ತಡೆದುಕೊಳ್ತದಾ?" ಅಂದ. ಅದಕ್ಕೇ ಮುಂದಿನ ಎರಡು ಕಂತಿಗೆ ನನ್ನ ಈ ಸಲದ ಅಡಿಕೆಯಲ್ಲಿ ಒಂದು ಭಾಗ ಕೊಡ್ತೀನಿ ಅಂದಿದ್ದೀನಿ. ಅಡಿಕೆ ಇನ್ನೂ ತಾಡಪಾಲಿನ ಕೆಳಗೇ ಇದೆ. ನಾಳೆಯಾದ್ರೂ ಬಿಸಿಲು ಬರ್ಲಿ.