ಏರ್ ಆಂಬುಲೆನ್ಸ್ ಇದ್ದರೂ ಗಾಣಗಾಪುರದವರಿಗೆ ಮೊದಲು ರಸ್ತೆನೇ

ಕಲಬುರಗಿಯಲ್ಲಿ 2019ರ ನವೆಂಬರ್‌ನಿಂದ ವಿಮಾನ ನಿಲ್ದಾಣ ಇದೆ. ಹಂಗಂತ ಗಾಣಗಾಪುರದಲ್ಲಿ ಯಾರಿಗಾದ್ರೂ ಎದೆನೋವು ಬಂದ್ರೆ ಏರ್ ಆಂಬುಲೆನ್ಸ್ ಜೀವ ಉಳಿಸುತ್ತೆ ಅನ್ನೋದು ಅರ್ಧ ಸತ್ಯ. ನಿಲ್ದಾಣ ಇರೋದು ನಗರದ ಆಚೆ, ಸೇಡಂ ರಸ್ತೆ ಕಡೆ. ಇಲ್ಲಿಂದ ಹೊರಟ 108 ಇಡೀ ಕಲಬುರಗಿ ದಾಟಬೇಕು. ಅಷ್ಟರಲ್ಲಿ ಜಿಮ್ಸ್, ಜಯದೇವ ಆಸ್ಪತ್ರೆಗಳೇ ಮೊದಲು ಸಿಗುತ್ತವೆ. ವಿಮಾನ ಬೇಕಾಗೋದು ಅಲ್ಲಿಂದ ಮುಂದೆ, ಬೆಂಗಳೂರಿಗೋ ಹೈದರಾಬಾದಿಗೋ ಸಾಗಿಸುವಾಗ. ಅದರ ಬಾಡಿಗೆ ಲಕ್ಷಗಳ ಲೆಕ್ಕ. ಮಧ್ಯಪ್ರದೇಶ ಸರ್ಕಾರ 2024ರಿಂದ ಆಯುಷ್ಮಾನ್ ಕಾರ್ಡ್ ಇದ್ದವರಿಗೆ ಇದನ್ನು ಉಚಿತ ಮಾಡಿದೆ, ನಮ್ಮವರೂ ಕೇಳಬಹುದು. ಆದರೆ ದತ್ತ ಜಯಂತಿ, ಹುಣ್ಣಿಮೆ ದಿನ ದೇವಸ್ಥಾನದ ರಸ್ತೆಯಲ್ಲಿ ಗಾಡಿ, ಅಂಗಡಿ ಸಾಮಾನು (ವ್ಯಾಪಾರಿಗಳು ಬೇಜಾರಾಗಬಾರದು) ತುಂಬಿರುವಾಗ 108 ಒಳಗೆ ಬರೋದೇ ಹೆಂಗೆ? ಪಂಚಾಯಿತಿ, ಪೊಲೀಸರು ಆ ದಿನಗಳಿಗಾದರೂ ಆಂಬುಲೆನ್ಸ್‌ಗೆ ಒಂದು ದಾರಿ ಖಾಲಿ ಇಡಿಸಲಿ.